ಜರ್ನಲಿಸಂ ಸೀಟಿಗೆ ತಯಾರಿ: ಐಐಎಂಸಿ, ಜಾಮಿಯಾ, ಎಸಿಜೆ ಕನಸಿರುವ ಕನ್ನಡದ ಮಕ್ಕಳಿಗೆ ಸಮಗ್ರ ಮಾರ್ಗದರ್ಶಿ

ಡಿಗ್ರಿ ಮುಗಿಸಿ ಪತ್ರಿಕೋದ್ಯಮ ಓದಬೇಕು, ಅದೂ ದೇಶದ ಒಳ್ಳೆಯ ಕಡೆಯೇ ಓದಬೇಕು ಅಂತ ಆಸೆ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅದರಲ್ಲೂ ತಾಲ್ಲೂಕು ಊರಿನ ಸರ್ಕಾರಿ ಕಾಲೇಜಿನಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಮನಸ್ಸಿನಲ್ಲಿರಬೇಕು ಅಂತ ಬರೆಯುತ್ತಿದ್ದೇನೆ. ಇವರು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಸರ್, ಯಾವ ಗೈಡ್ ತಗೊಳ್ಳಲಿ?"

ಗೈಡ್ ಆಮೇಲೆ ತಗೊಳ್ಳಿ. ಮೊದಲು ಒಂದು ನೋಟ್‌ಬುಕ್ ತಗೊಂಡು ನಿಮ್ಮ ಊರಿನಲ್ಲೇ ಒಂದು ಸುದ್ದಿ ಮಾಡಿ. ಪ್ರವೇಶ ಪರೀಕ್ಷೆ, ಬರವಣಿಗೆ, ಇಂಟರ್‌ವ್ಯೂ ಈ ಮೂರೂ ಕಡೆ ನೋಡುವುದು ಒಂದೇ ಸಂಗತಿಯನ್ನು. ಈ ಹುಡುಗಿಗೆ ಸುದ್ದಿ ಓದುವ ಅಭ್ಯಾಸ ಇದೆಯಾ, ಗೊತ್ತಿಲ್ಲದ್ದನ್ನು ಹೋಗಿ ಕೇಳುವ ಧೈರ್ಯ ಇದೆಯಾ, ಕೇಳಿಕೊಂಡು ಬಂದದ್ದನ್ನು ನೇರವಾಗಿ ಬರೆಯಲು ಬರುತ್ತಾ? ಒಂದು ವರ್ಷ ವರದಿಗಾರರ ಹಾಗೆ ಬದುಕಿದರೆ ಈ ಮೂರಕ್ಕೂ ಒಟ್ಟಿಗೇ ತಯಾರಿ ಆಗುತ್ತದೆ. ಕೊನೆಯ ಎರಡು ತಿಂಗಳು ಕೂತು ಬಾಯಿಪಾಠ ಮಾಡಿದರೆ ಒಂದಕ್ಕೂ ಪೂರ್ತಿ ಆಗುವುದಿಲ್ಲ.

ಯಾವ ಬಾಗಿಲು, ಎಂಥ ಬೀಗ

ಎಲ್ಲ ಕಡೆ ಪ್ರವೇಶದ ರೀತಿ ಒಂದೇ ಅಲ್ಲ. ಇದನ್ನು ಮೊದಲೇ ತಿಳಿದುಕೊಳ್ಳದೆ ತುಂಬ ಜನ ತಪ್ಪು ತಯಾರಿಗೆ ಇಳಿಯುತ್ತಾರೆ.

ಐಐಎಂಸಿ, ಅಂದರೆ ಭಾರತೀಯ ಜನಸಂವಹನ ಸಂಸ್ಥೆ, ದೆಹಲಿಯಲ್ಲಿ 1965ರಲ್ಲಿ ಶುರುವಾಯಿತು. ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಅಡಿಯಲ್ಲಿದೆ. 2024ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯದ ಸ್ಥಾನವೂ ಸಿಕ್ಕಿತು. ಇಲ್ಲಿನ ಒಂದು ವರ್ಷದ ಪಿಜಿ ಡಿಪ್ಲೊಮಾಗೆ ದೇಶದಲ್ಲೆಲ್ಲ ಬೇಡಿಕೆ ಇದೆ. ದೆಹಲಿ ಅಲ್ಲದೆ ಢೆಂಕನಾಲ್, ಐಜ್ವಾಲ್, ಮಹಾರಾಷ್ಟ್ರದ ಅಮರಾವತಿ, ಜಮ್ಮು, ಕೊಟ್ಟಾಯಂನಲ್ಲೂ ಕ್ಯಾಂಪಸ್ ಇವೆ. ನಮಗೆ ಹತ್ತಿರದ್ದು ಕೊಟ್ಟಾಯಂ. ಹಿಂದಿ, ಉರ್ದು, ಒಡಿಯಾ, ಮರಾಠಿ, ಮಲಯಾಳಂ ಪತ್ರಿಕೋದ್ಯಮದ ಕೋರ್ಸ್ ಇವೆ, ಕನ್ನಡದ್ದು ಇಲ್ಲ. ಇದು ನನಗೆ ನಿಜಕ್ಕೂ ಬೇಸರದ ವಿಷಯ. ಹಾಗಾಗಿ ನಮ್ಮವರು ಇಂಗ್ಲಿಷ್ ಪತ್ರಿಕೋದ್ಯಮ, ರೇಡಿಯೊ ಮತ್ತು ಟಿವಿ, ಡಿಜಿಟಲ್ ಮೀಡಿಯಾ, ಇಲ್ಲವೇ ಜಾಹೀರಾತು ಮತ್ತು ಸಾರ್ವಜನಿಕ ಸಂಪರ್ಕದ ಕೋರ್ಸ್ ಕಡೆ ನೋಡಬೇಕಾಗುತ್ತದೆ. ಮೊದಲೆಲ್ಲ ಐಐಎಂಸಿ ತಾನೇ ಪರೀಕ್ಷೆ ನಡೆಸಿ ಇಂಟರ್‌ವ್ಯೂ ಮಾಡುತ್ತಿತ್ತು. 2022ರಿಂದ ಸಿಯುಇಟಿ ಪಿಜಿ, ಅಂದರೆ ದೇಶಮಟ್ಟದ ಸಾಮಾನ್ಯ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯ ಅಂಕದ ಮೇಲೆ ಸೀಟು ಕೊಡುತ್ತಿದೆ. ಕಲಬುರಗಿ ಹತ್ತಿರ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಕ್ಕೂ ಇದೇ ಸಿಯುಇಟಿ ದಾರಿ.

ದೆಹಲಿಯ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ವಿಶ್ವವಿದ್ಯಾಲಯದ ಸಮೂಹ ಸಂವಹನ ಕೇಂದ್ರ ಎಜೆಕೆ ಎಂಸಿಆರ್‌ಸಿ 1982ರಲ್ಲಿ ಶುರುವಾದದ್ದು. ಅಲ್ಲಿ ಬೇರೆಯದೇ ಪದ್ಧತಿ. ಬರವಣಿಗೆಯ ಪರೀಕ್ಷೆ ಇರುತ್ತದೆ, ಆಮೇಲೆ ಇಂಟರ್‌ವ್ಯೂ, ಕೋರ್ಸ್ ನೋಡಿಕೊಂಡು ನೀವು ಮಾಡಿದ ಕೆಲಸವನ್ನೂ ನೋಡುತ್ತಾರೆ. ಚೆನ್ನೈನ ಎಸಿಜೆ, ಅಂದರೆ ಏಷ್ಯನ್ ಕಾಲೇಜ್ ಆಫ್ ಜರ್ನಲಿಸಂ, ವಿಶ್ವವಿದ್ಯಾಲಯ ಅಲ್ಲ, ಕೊಡುವುದು ಡಿಪ್ಲೊಮಾ. ಆದರೆ ಸುದ್ದಿಮನೆಗಳಲ್ಲಿ ಅದಕ್ಕೆ ಒಳ್ಳೆಯ ಹೆಸರಿದೆ. ಇದು 1994ರಲ್ಲಿ ಹುಟ್ಟಿದ್ದೇ ನಮ್ಮ ಬೆಂಗಳೂರಿನಲ್ಲಿ, 2000ದಲ್ಲಿ ಚೆನ್ನೈಗೆ ಹೋಯಿತು. ಇಲ್ಲಿ ಪರೀಕ್ಷೆ, ಯಾಕೆ ಸೇರಬೇಕು ಅನ್ನುವ ಬಗ್ಗೆ ನೀವು ಬರೆಯುವ ಪ್ರಬಂಧ, ಇಂಟರ್‌ವ್ಯೂ ಮೂರಕ್ಕೂ ಬೆಲೆ.

ಜೊತೆಗೆ ನಮ್ಮದೇ ವಿಶ್ವವಿದ್ಯಾಲಯಗಳನ್ನು ಕೈಬಿಡಬೇಡಿ. ಮೈಸೂರಿನಲ್ಲಿ ಪತ್ರಿಕೋದ್ಯಮ ಪಾಠ ಶುರುವಾಗಿದ್ದು 1951ರಲ್ಲಿ, ಮಹಾರಾಜ ಕಾಲೇಜಿನಲ್ಲಿ, ನಾಡಿಗ ಕೃಷ್ಣಮೂರ್ತಿಯವರಿಂದ. ಮಾನಸಗಂಗೋತ್ರಿ, ಕೊಣಾಜೆಯ ಮಂಗಳಗಂಗೋತ್ರಿ, ಧಾರವಾಡ, ಶಂಕರಘಟ್ಟ ಈ ಎಲ್ಲ ಕಡೆ ಎಂಎ ಇದೆ. ದೆಹಲಿಗೆ ಅರ್ಜಿ ಹಾಕುವವರು ಇವುಗಳಲ್ಲಿ ಕನಿಷ್ಠ ಎರಡಕ್ಕಾದರೂ ಹಾಕಿಟ್ಟಿರಬೇಕು. ಒಳ್ಳೆಯ ಮೇಷ್ಟ್ರು, ಒಳ್ಳೆಯ ಲೈಬ್ರರಿ ಸಿಕ್ಕರೆ ಇಲ್ಲಿಂದಲೂ ದೊಡ್ಡ ಪತ್ರಿಕೆಗೆ ಹೋಗಬಹುದು, ಹೋಗುತ್ತಲೂ ಇದ್ದಾರೆ.

ಯಾವಾಗ ಶುರು ಮಾಡಬೇಕು

ಐದನೇ ಸೆಮಿಸ್ಟರ್ ಶುರುವಾದಾಗ. ಸಿಯುಇಟಿ ಪಿಜಿ ಅರ್ಜಿ ಸಾಮಾನ್ಯವಾಗಿ ಡಿಸೆಂಬರ್ ಅಥವಾ ಜನವರಿಯಲ್ಲಿ ಕರೆಯುತ್ತಾರೆ, ಪರೀಕ್ಷೆ ಮಾರ್ಚ್ ಹೊತ್ತಿಗೆ ಬರುತ್ತದೆ. ನಮ್ಮ ಡಿಗ್ರಿ ಪರೀಕ್ಷೆ ಇನ್ನೂ ಬಾಕಿ ಇರುವಾಗಲೇ ಇದು ಮುಗಿದುಹೋಗಿರುತ್ತದೆ. "ಡಿಗ್ರಿ ಮುಗೀಲಿ, ಆಮೇಲೆ ನೋಡೋಣ" ಅಂದವರಿಗೆ ಪೂರ್ತಿ ಒಂದು ವರ್ಷ ಹೋಗುತ್ತದೆ. ತಾರೀಖು ಪ್ರತಿವರ್ಷ ಬದಲಾಗುವುದರಿಂದ ಡಿಸೆಂಬರ್ ಒಂದರಿಂದ ವಾರಕ್ಕೊಮ್ಮೆ ಸಿಯುಇಟಿ ನಡೆಸುವ ಎನ್‌ಟಿಎಯ ವೆಬ್‌ಸೈಟ್ ಮತ್ತು ನಿಮಗೆ ಬೇಕಾದ ಸಂಸ್ಥೆಯ ವೆಬ್‌ಸೈಟ್ ಎರಡನ್ನೂ ತೆಗೆದು ನೋಡಿ. ವಾಟ್ಸ್‌ಆ್ಯಪ್ ಗುಂಪಿನ ಫಾರ್ವರ್ಡ್ ನಂಬಿ ಕೂರಬೇಡಿ. ವಯಸ್ಸಿನ ಮಿತಿ ಇದೆಯಾ, ಡಿಗ್ರಿಯಲ್ಲಿ ಎಷ್ಟು ಅಂಕ ಬೇಕು ಅನ್ನುವುದನ್ನು ಆ ವರ್ಷದ ಪ್ರಾಸ್ಪೆಕ್ಟಸ್‌ನಲ್ಲೇ ಓದಿ. ಡಿಗ್ರಿ ಯಾವ ವಿಷಯದ್ದಾದರೂ ಪರವಾಗಿಲ್ಲ. ಬಿಎಸ್ಸಿ, ಬಿಕಾಂ ಮಾಡಿದವರು ಧೈರ್ಯವಾಗಿ ಹಾಕಿ, ಲೆಕ್ಕ ಗೊತ್ತಿರುವ ವರದಿಗಾರರು ಸುದ್ದಿಮನೆಗೆ ಬೇಕೇ ಬೇಕು.

ಒಂದು ಸುದ್ದಿ ಮಾಡಿ, ಪೂರ್ತಿ ಮಾಡಿ

ಇದೇ ಮುಖ್ಯವಾದ ಭಾಗ, ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ನೀವು ಪಾವಗಡದ ಕಡೆಯ ಒಂದು ಹಳ್ಳಿಯವರು ಅಂದುಕೊಳ್ಳಿ. ಅಲ್ಲಿ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಅದಕ್ಕೆಂದೇ ಶುದ್ಧ ಕುಡಿಯುವ ನೀರಿನ ಘಟಕ ಕಟ್ಟಿದ್ದಾರೆ, ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವಂಥದ್ದು. ಈಗ ಕೆಲವು ತಿಂಗಳಿಂದ ಅದಕ್ಕೆ ಬೀಗ ಬಿದ್ದಿದೆ. ದಿನಾ ಅದರ ಮುಂದೆಯೇ ಬಸ್ಸಿಗೆ ನಿಲ್ಲುತ್ತೀರಿ. ಅದು ಸುದ್ದಿ ಅಂತ ನಿಮಗೆ ಅನ್ನಿಸಿಯೇ ಇರುವುದಿಲ್ಲ, ಅಲ್ವಾ?

ಅದನ್ನು ಸುದ್ದಿ ಮಾಡುವುದು ಹೀಗೆ. ಮೊದಲ ದಿನ ಸುಮ್ನೆ ಘಟಕದ ಹತ್ತಿರ ಹೋಗಿ ನಿಂತು ನೋಡಿ. ಬೋರ್ಡಿನಲ್ಲಿ ಏನು ಬರೆದಿದೆ? ಯಾವ ಯೋಜನೆ, ಎಷ್ಟು ಹಣ, ಯಾವ ವರ್ಷ, ನಿರ್ವಹಣೆ ಯಾರದ್ದು? ಬರೆದುಕೊಳ್ಳಿ, ಫೋಟೊ ತೆಗೆಯಿರಿ. ಆಮೇಲೆ ಐದಾರು ಮನೆಗೆ ಹೋಗಿ. "ನೀರಿನ ಸಮಸ್ಯೆ ಇದೆಯಾ?" ಅಂತ ಕೇಳಿದರೆ "ಹೂಂ, ಇದೆ" ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಹಾಗೆ ಕೇಳಬೇಡಿ. "ಇವತ್ತು ಬೆಳಿಗ್ಗೆ ಕುಡಿಯೋ ನೀರು ಎಲ್ಲಿಂದ ತಂದ್ರಿ? ಯಾರು ತಂದ್ರು? ಎಷ್ಟು ಹೊತ್ತಾಯ್ತು? ಎಷ್ಟು ಕೊಟ್ರಿ?" ಅಂತ ಕೇಳಿ. ಆಗ ಸುದ್ದಿ ತಾನಾಗಿ ಬಾಯಿಗೆ ಬರುತ್ತದೆ. ಒಂದಜ್ಜಿ ಕ್ಯಾನ್ ಹೊರಲಾರದೆ ಬೋರ್‌ವೆಲ್ ನೀರನ್ನೇ ಕುಡಿಯುತ್ತಿರಬಹುದು. ಒಬ್ಬ ಹುಡುಗ ಬೈಕಿನಲ್ಲಿ ಕ್ಯಾನ್ ತಂದುಕೊಟ್ಟು ದುಡಿಯುತ್ತಿರಬಹುದು.

ಮೂರನೆಯದು ಪಂಚಾಯಿತಿ. ಪಿಡಿಒ ಹತ್ತಿರ ಹೋಗಿ, "ಘಟಕ ಯಾವ ದಿನ ನಿಂತಿತು, ಯಾಕೆ, ದುರಸ್ತಿಗೆ ಎಷ್ಟು ಬೇಕು, ಯಾರಿಗೆ ಪತ್ರ ಬರೆದಿದ್ದೀರಿ" ಅಂತ ಮರ್ಯಾದೆಯಿಂದ ಕೇಳಿ. ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳಿ. ಹೇಳದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಹಾಗಾಗಿ "ಎಲ್ಲ ದಾಖಲೆ ಕೊಡಿ" ಅನ್ನುವ ಬದಲು "ಈ ಘಟಕಕ್ಕೆ ಸಂಬಂಧಿಸಿದ ನಿರ್ವಹಣಾ ಒಪ್ಪಂದದ ಪ್ರತಿ ಮತ್ತು ಕೊನೆಯ ನೀರಿನ ಪರೀಕ್ಷಾ ವರದಿ" ಅಂತ ಖಚಿತವಾಗಿ ಕೇಳಿ. ನೀರಿನ ವರದಿ ಕೈಗೆ ಬಂದರೆ ಅದರಲ್ಲಿ ಫ್ಲೋರೈಡ್ ಎಷ್ಟಿದೆ ನೋಡಿ. ಬೇರೆ ನೀರಿನ ಮೂಲ ಇಲ್ಲದ ಕಡೆ ಲೀಟರಿಗೆ 1.5 ಮಿಲಿಗ್ರಾಂವರೆಗೆ ಮಾತ್ರ ಇರಬಹುದು ಅಂತ ಭಾರತೀಯ ಮಾನಕ ಹೇಳುತ್ತದೆ. ಈಗ ನಿಮ್ಮ ಕೈಯಲ್ಲಿ ಬರೀ ದೂರು ಇಲ್ಲ, ಅಂಕಿ ಇದೆ, ದಾಖಲೆ ಇದೆ, ಜನರ ಮಾತಿದೆ, ಅಧಿಕಾರಿಯ ಮಾತಿದೆ.

ಇನ್ನು ಬರೆಯುವುದು. ಹೆಚ್ಚಿನವರು ಹೀಗೆ ಶುರು ಮಾಡುತ್ತಾರೆ:

"ನೀರು ಮನುಷ್ಯನ ಮೂಲಭೂತ ಅಗತ್ಯ. ಆದರೆ ನಮ್ಮ ಗ್ರಾಮದಲ್ಲಿ ಶುದ್ಧ ನೀರಿಗಾಗಿ ಹಾಹಾಕಾರ ಎದ್ದಿದ್ದು, ಸಂಬಂಧಪಟ್ಟ ಅಧಿಕಾರಿಗಳು ನಿರ್ಲಕ್ಷ್ಯ ವಹಿಸಿರುವುದು ವಿಪರ್ಯಾಸ."

ಇದರಲ್ಲಿ ಊರಿನ ಹೆಸರು ಬದಲಾಯಿಸಿದರೆ ಯಾವ ಊರಿಗಾದರೂ ಹೊಂದುತ್ತದೆ. ಅಂದಮೇಲೆ ಇದು ನೀವು ನೋಡಿದ್ದಲ್ಲ. ಇದನ್ನೇ ಹೀಗೆ ಬರೆದು ನೋಡಿ:

"ಶಾಲೆ ಪಕ್ಕದ ನೀರಿನ ಘಟಕಕ್ಕೆ ಬೀಗ ಬಿದ್ದು ನಾಲ್ಕು ತಿಂಗಳಾಯಿತು. ಅಂದಿನಿಂದ ಊರಿನ ಹೆಂಗಸರು ಕ್ಯಾನ್ ಹಿಡಿದು ಮೂರು ಕಿಲೋಮೀಟರ್ ದೂರದ ಪಕ್ಕದ ಊರಿಗೆ ಹೋಗುತ್ತಿದ್ದಾರೆ. ಕೆಟ್ಟಿರುವುದು ಒಂದು ಮೋಟರ್ ಮಾತ್ರ ಎನ್ನುತ್ತದೆ ಪಂಚಾಯಿತಿಯ ದಾಖಲೆ."

'ವಿಪರ್ಯಾಸ' ಅನ್ನುವುದನ್ನು ನೀವು ಹೇಳಬೇಕಾಗಿಯೇ ಇಲ್ಲ, ಓದುವವರಿಗೆ ತಾನಾಗಿ ಗೊತ್ತಾಗುತ್ತದೆ. ಇಷ್ಟು ಕಲಿತರೆ ಮುಕ್ಕಾಲು ಪಾಲು ತಯಾರಿ ಆದ ಹಾಗೆ.

ಬರೆದದ್ದನ್ನು ನಿಮ್ಮ ತಾಲ್ಲೂಕಿನ ವರದಿಗಾರರಿಗೆ ತೋರಿಸಿ. ಅವರಲ್ಲಿ ಬಹಳಷ್ಟು ಜನ ಒಳ್ಳೆಯವರು, ಆಸಕ್ತಿ ಇರುವ ಹುಡುಗರು ಬಂದರೆ ಖುಷಿಪಟ್ಟು ಹೇಳಿಕೊಡುತ್ತಾರೆ. ಕೆಂಪು ಪೆನ್ನಿನಲ್ಲಿ ತಿದ್ದಿದ ಆ ಹಾಳೆಯನ್ನು ಎಸೆಯಬೇಡಿ. ಪತ್ರಿಕೆಯಲ್ಲಿ ಅಚ್ಚಾದರೆ ಒಳ್ಳೆಯದು, ಆಗದಿದ್ದರೆ ಕಾಲೇಜಿನ ಭಿತ್ತಿಪತ್ರಿಕೆಯಲ್ಲೋ ನಿಮ್ಮದೇ ಬ್ಲಾಗಿನಲ್ಲೋ ಹಾಕಿ. ವರ್ಷ ಮುಗಿಯುವಷ್ಟರಲ್ಲಿ ಇಂಥ ನಾಲ್ಕೈದು ಕೆಲಸ ಕೈಯಲ್ಲಿದ್ದರೆ ಸಾಕು. ಒಂದು ವರದಿ, ಒಂದು ವ್ಯಕ್ತಿ ಪರಿಚಯ, ಮೊಬೈಲಿನಲ್ಲಿ ಮಾಡಿದ ಒಂದು ಎರಡು ನಿಮಿಷದ ವಿಡಿಯೊ, ಅಂಕಿ-ಅಂಶ ಇಟ್ಟುಕೊಂಡು ಬರೆದ ಒಂದು ಲೇಖನ. ಉದ್ಯೋಗ ಖಾತರಿ ಕೂಲಿಯ ಲೆಕ್ಕ ಪಂಚಾಯಿತಿವಾರು ವೆಬ್‌ಸೈಟಿನಲ್ಲೇ ಸಿಗುತ್ತದೆ, ಅದರಿಂದ ಶುರು ಮಾಡಬಹುದು. ನೂರು ಪ್ರಬಂಧ ಸ್ಪರ್ಧೆಯ ಸರ್ಟಿಫಿಕೇಟ್‌ಗಿಂತ ಈ ನಾಲ್ಕು ಕೆಲಸಕ್ಕೆ ತೂಕ ಜಾಸ್ತಿ.

ಸಿಲಬಸ್ ಓದುವ ರೀತಿ

ಸಿಯುಇಟಿ ಪಿಜಿಯಲ್ಲಿ ನಮ್ಮ ಪೇಪರಿನ ಕೋಡ್ ಸಿಒಕ್ಯುಪಿ 17, ಸಮೂಹ ಸಂವಹನ ಮತ್ತು ಪತ್ರಿಕೋದ್ಯಮ. ಎಲ್ಲವೂ ಬಹುಆಯ್ಕೆ ಪ್ರಶ್ನೆಗಳು. ಮಾಧ್ಯಮ ಇಂಗ್ಲಿಷ್ ಅಥವಾ ಹಿಂದಿ, ಕನ್ನಡದಲ್ಲಿ ಪ್ರಶ್ನೆ ಬರುವುದಿಲ್ಲ. ಸಿಲಬಸ್ ಮತ್ತು ಹಳೆಯ ಪ್ರಶ್ನೆಪತ್ರಿಕೆ ಎನ್‌ಟಿಎ ವೆಬ್‌ಸೈಟಿನಿಂದ ಇಳಿಸಿಕೊಳ್ಳಿ.

ಮಾಧ್ಯಮ ಚರಿತ್ರೆ ಓದುವಾಗ ಇಸವಿಗಳ ಪಟ್ಟಿ ಉರು ಹೊಡೆಯಲು ಹೋಗಬೇಡಿ, ನಮ್ಮ ಕಡೆಯಿಂದಲೇ ಶುರು ಮಾಡಿ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಬಂದದ್ದು 1843ರ ಜುಲೈ 1ರಂದು, ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರಿಂದ, ಕಲ್ಲಚ್ಚಿನಲ್ಲಿ. ಜುಲೈ 1ನ್ನು ನಾವು ಪತ್ರಿಕಾ ದಿನ ಅಂತ ಮಾಡುವುದು ಇದಕ್ಕೇ. ಇಲ್ಲಿಂದ ಹಿಂದೆ ಹೋದರೆ 1826ರ ಹಿಂದಿ ಪತ್ರಿಕೆ 'ಉದಂತ ಮಾರ್ತಂಡ', ಇನ್ನೂ ಹಿಂದೆ 1780ರಲ್ಲಿ ಕಲ್ಕತ್ತೆಯ ಹಿಕಿಯ ಗೆಜೆಟ್. ರೇಡಿಯೊ ಪಾಠವನ್ನು ಮೈಸೂರಿನಿಂದ ಶುರು ಮಾಡಿ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಅಲ್ಲಿ ಶುರು ಮಾಡಿದ ಕೇಂದ್ರದ ಹೆಸರೇ 'ಆಕಾಶವಾಣಿ'. ಟಿವಿ ಪಾಠಕ್ಕೆ 1975-76ರ 'ಸೈಟ್' ಪ್ರಯೋಗ ತೆಗೆದುಕೊಳ್ಳಿ. ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ಕೊಟ್ಟರು, ಅದರಲ್ಲಿ ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳೂ ಇದ್ದವು. ನಿಮ್ಮ ಊರಿನ ಹಿರಿಯರನ್ನು ಕೇಳಿ ನೋಡಿ, ಯಾರಿಗಾದರೂ ಆ ಟಿವಿ ನೆನಪಿರಬಹುದು. ಹೀಗೆ ಓದಿದ್ದು ಪರೀಕ್ಷೆಯ ದಿನ ಮರೆಯುವುದಿಲ್ಲ.

ಕಾನೂನಿನಲ್ಲಿ ಸಂವಿಧಾನದ 19(1)(ಎ) ಮತ್ತು 19(2) ಒಟ್ಟಿಗೆ ಓದಿ, ಒಂದು ವಾಕ್ ಸ್ವಾತಂತ್ರ್ಯದ ಹಕ್ಕು ಕೊಡುತ್ತದೆ, ಇನ್ನೊಂದು ಅದರ ಮಿತಿ ಹೇಳುತ್ತದೆ. ಪತ್ರಿಕಾ ಸ್ವಾತಂತ್ರ್ಯದ ಬಗ್ಗೆ 1950ರ ರೊಮೇಶ್ ಥಾಪರ್ ಪ್ರಕರಣ, ಐಟಿ ಕಾಯ್ದೆಯ 66ಎ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದ 2015ರ ಶ್ರೇಯಾ ಸಿಂಘಾಲ್ ಪ್ರಕರಣ, ಪ್ರೆಸ್ ಕೌನ್ಸಿಲ್‌ನ 1978ರ ಕಾಯ್ದೆ, 1971ರ ನ್ಯಾಯಾಂಗ ನಿಂದನೆ ಕಾಯ್ದೆ, 2005ರ ಮಾಹಿತಿ ಹಕ್ಕು ಕಾಯ್ದೆ ಇವು ಗೊತ್ತಿರಲೇಬೇಕು. ಹಳೆಯ ಗೈಡ್‌ಗಳಲ್ಲಿ 1867ರ ಪತ್ರಿಕಾ ನೋಂದಣಿ ಕಾಯ್ದೆ ಅಂತಲೇ ಇರುತ್ತದೆ. ಅದರ ಜಾಗಕ್ಕೆ 2023ರ ಹೊಸ ಕಾಯ್ದೆ ಬಂದು, 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಸೆಕೆಂಡ್ ಹ್ಯಾಂಡ್ ಪುಸ್ತಕ ಓದುವವರು ಇದನ್ನು ತಿದ್ದಿಕೊಳ್ಳಿ.

ಸಿದ್ಧಾಂತಗಳಿಗೆ ಹೆದರಬೇಡಿ. ಲಾಸ್ವೆಲ್ 1948ರಲ್ಲಿ ಹೇಳಿದ 'ಯಾರು, ಏನನ್ನು, ಯಾವ ಮಾಧ್ಯಮದಲ್ಲಿ, ಯಾರಿಗೆ, ಯಾವ ಪರಿಣಾಮದೊಂದಿಗೆ' ಅನ್ನುವ ಸೂತ್ರ, ಮೆಕ್‌ಕೂಂಬ್ಸ್ ಮತ್ತು ಶಾ 1972ರಲ್ಲಿ ಮಂಡಿಸಿದ ಅಜೆಂಡಾ ಸೆಟಿಂಗ್ (ಜನ ಯಾವ ವಿಷಯದ ಬಗ್ಗೆ ಯೋಚಿಸಬೇಕು ಅನ್ನುವುದನ್ನು ಮಾಧ್ಯಮ ಮುಂದಿಡುವುದು), ಲಾಜರ್ಸ್‌ಫೆಲ್ಡ್ ಅವರ ಎರಡು ಹಂತದ ಹರಿವು, ಜಗತ್ತಿನ ಸುದ್ದಿ ಹರಿವಿನ ಅಸಮಾನತೆ ಬಗ್ಗೆ ಯುನೆಸ್ಕೊದ 1980ರ ಮ್ಯಾಕ್‌ಬ್ರೈಡ್ ವರದಿ ಇಷ್ಟರಿಂದ ಶುರು ಮಾಡಿ. ಒಂದೊಂದಕ್ಕೂ ನಿಮ್ಮ ಊರಿನ ಒಂದು ಉದಾಹರಣೆ ಬರೆದುಕೊಳ್ಳಿ. ಟಿವಿಯಲ್ಲಿ ನೋಡಿದ್ದನ್ನು ಊರಿನ ಮೇಷ್ಟ್ರೋ ಡೈರಿ ಕಾರ್ಯದರ್ಶಿಯೋ ಕಟ್ಟೆ ಮೇಲೆ ಕೂತು ವಿವರಿಸುತ್ತಾರೆ, ಜನ ಅವರ ಮಾತು ನಂಬುತ್ತಾರೆ. ಅದೇ ಎರಡು ಹಂತದ ಹರಿವು.

ಇಂಗ್ಲಿಷ್ ಭಯ

ಇದು ನಿಜವಾದ ತೊಡಕು, ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ದಾಟಬಹುದು. ಒಂದು ದಾರಿ ಇದೆ. 'ಪ್ರಜಾವಾಣಿ' ಮತ್ತು 'ಡೆಕ್ಕನ್ ಹೆರಾಲ್ಡ್' ಎರಡೂ ಒಂದೇ ಸಂಸ್ಥೆಯ ಪತ್ರಿಕೆಗಳು, ಎರಡೂ 1948ರಲ್ಲಿ ಶುರುವಾದವು. ರಾಜ್ಯದ ದೊಡ್ಡ ಸುದ್ದಿಗಳು ಎರಡರಲ್ಲೂ ಬರುತ್ತವೆ. ಮೊದಲು ಕನ್ನಡದಲ್ಲಿ ಓದಿ, ಏನಾಗಿದೆ ಅಂತ ಅರ್ಥ ಮಾಡಿಕೊಳ್ಳಿ. ಆಮೇಲೆ ಅದೇ ಸುದ್ದಿಯನ್ನು ಇಂಗ್ಲಿಷಿನಲ್ಲಿ ಓದಿ. ವಿಷಯ ಆಗಲೇ ಗೊತ್ತಿರುವುದರಿಂದ ಪದಗಳ ಅರ್ಥ ತಾನಾಗಿ ಬಿಡಿಸಿಕೊಳ್ಳುತ್ತದೆ. ದಿನಕ್ಕೆ ಎರಡು ಸುದ್ದಿ ಸಾಕು. ಮೂರನೆಯ ತಿಂಗಳಿಂದ ಪ್ರತಿ ರಾತ್ರಿ ಒಂದು ಕನ್ನಡ ಸುದ್ದಿಯನ್ನು ನೂರು ಪದಗಳ ಇಂಗ್ಲಿಷಿನಲ್ಲಿ ಬರೆಯಿರಿ. ಚಿಕ್ಕ ವಾಕ್ಯ ಬರೆಯಿರಿ, ಗೊತ್ತಿರುವ ಪದ ಬಳಸಿ. ನಿಮ್ಮ ಕಾಲೇಜಿನ ಇಂಗ್ಲಿಷ್ ಮೇಡಂ ಹತ್ತಿರ ವಾರಕ್ಕೊಮ್ಮೆ ತೋರಿಸಿ.

ನಿಮ್ಮ ಕನ್ನಡ ನಿಮ್ಮ ಆಸ್ತಿ ಅನ್ನುವುದನ್ನೂ ಮರೆಯಬೇಡಿ. ಊರಿನ ಜನರ ಜೊತೆ ಅವರ ಮಾತಿನಲ್ಲೇ ಮಾತಾಡಿ ಸುದ್ದಿ ತರಬಲ್ಲವರು ದೆಹಲಿಯ ತರಗತಿಯಲ್ಲಿ ಜಾಸ್ತಿ ಜನ ಇರುವುದಿಲ್ಲ.

ಯಾಕೆ ಸೇರಬೇಕು ಅನ್ನುವ ಪ್ರಬಂಧ

ಎಸಿಜೆಯಂಥ ಕಡೆ, ವಿದೇಶದ ವಿಶ್ವವಿದ್ಯಾಲಯಗಳಿಗೆ ಹಾಕುವಾಗಲಂತೂ ಖಂಡಿತ, ಇದನ್ನು ಬರೆಯಬೇಕಾಗುತ್ತದೆ. "ಚಿಕ್ಕಂದಿನಿಂದಲೂ ನನಗೆ ಪತ್ರಕರ್ತನಾಗುವ ಕನಸು, ಪತ್ರಿಕೋದ್ಯಮ ಪ್ರಜಾಪ್ರಭುತ್ವದ ನಾಲ್ಕನೇ ಅಂಗ" ಅಂತ ಶುರುವಾಗುವ ಪ್ರಬಂಧವನ್ನು ಓದುವವರು ಆ ದಿನ ಅಂಥವನ್ನೇ ಎಷ್ಟೋ ಓದಿರುತ್ತಾರೆ. ನಿಮ್ಮ ನೀರಿನ ಘಟಕದಿಂದ ಶುರು ಮಾಡಿ. ಏನು ನೋಡಿದಿರಿ, ಯಾರನ್ನು ಕೇಳಿದಿರಿ, ಏನು ಸಿಕ್ಕಿತು, ಏನು ಸಿಗಲಿಲ್ಲ. ಆ ಸಿಗದ ಭಾಗವೇ ನಿಮ್ಮನ್ನು ಕೋರ್ಸಿಗೆ ಕರೆದೊಯ್ಯುವ ಸೇತುವೆ: "ಪರೀಕ್ಷಾ ವರದಿ ಕೈಗೆ ಬಂತು, ಆದರೆ ಇಡೀ ತಾಲ್ಲೂಕಿನ ವರದಿಗಳನ್ನು ಹೋಲಿಸಿ ನೋಡುವುದು ಹೇಗೆ ಅಂತ ಗೊತ್ತಿರಲಿಲ್ಲ. ಡೇಟಾ ಜರ್ನಲಿಸಂ ಕಲಿಯಬೇಕು ಅನ್ನಿಸಿದ್ದು ಅಲ್ಲಿ." ಇಷ್ಟು ನಿಜವಾದ ಕಾರಣ ಬೇರೆ ಯಾವುದು ಬೇಕು?

ಮೊದಲು ಕನ್ನಡದಲ್ಲಿ ಬರೆಯಿರಿ. ಮನಸ್ಸಿನಲ್ಲಿರುವುದು ಪೂರ್ತಿ ಹೊರಗೆ ಬರಲಿ. ಆಮೇಲೆ ನೀವೇ ಇಂಗ್ಲಿಷಿಗೆ ತನ್ನಿ. ಎಐ ಹತ್ತಿರ ಬರೆಸಬೇಡಿ. ಬರೆದದ್ದು ನುಣುಪಾಗಿ ಕಾಣುತ್ತದೆ ನಿಜ, ಆದರೆ ಇಂಟರ್‌ವ್ಯೂನಲ್ಲಿ ಅದರ ಒಂದೊಂದು ಸಾಲಿನ ಮೇಲೂ ಪ್ರಶ್ನೆ ಕೇಳುತ್ತಾರೆ, ಆಗ ನಿಮ್ಮ ಮಾತಿಗೂ ಆ ಬರಹಕ್ಕೂ ಹೊಂದಿಕೆಯೇ ಇರುವುದಿಲ್ಲ. ನಿಮ್ಮ ಸಣ್ಣಪುಟ್ಟ ವ್ಯಾಕರಣದ ತಪ್ಪನ್ನು ಅವರು ಕ್ಷಮಿಸುತ್ತಾರೆ, ಬೇರೆಯವರ ದನಿಯನ್ನು ಕ್ಷಮಿಸುವುದಿಲ್ಲ.

ವಿದೇಶದ ಮಾತು ಬಂತು ಅಂತ ಒಂದು ಮಾತು. ನ್ಯೂಯಾರ್ಕಿನ ಕೊಲಂಬಿಯಾದಲ್ಲಿ, ಜೋಸೆಫ್ ಪುಲಿಟ್ಜರ್ ಕೊಟ್ಟ ಹಣದಿಂದ 1912ರಲ್ಲಿ ಶುರುವಾದ ಪತ್ರಿಕೋದ್ಯಮ ಶಾಲೆ ಇದೆ. ಅಂಥ ಕಡೆ ಪ್ರಬಂಧ, ಮಾಡಿದ ಕೆಲಸ, ಗೊತ್ತಿರುವವರ ಶಿಫಾರಸು ಪತ್ರ ಇವೇ ಎಲ್ಲ. ಒಂದೆರಡು ವರ್ಷ ಸುದ್ದಿಮನೆಯಲ್ಲಿ ಕೆಲಸ ಮಾಡಿ ಹಾಕುವುದು ಒಳ್ಳೆಯದು.

ಕಾಗದ ಪತ್ರ

ಒಳ್ಳೆಯ ಅಂಕ ಬಂದೂ ಸೀಟು ಕಳೆದುಕೊಳ್ಳುವುದು ಇಲ್ಲೇ. ದಯವಿಟ್ಟು ಗಮನ ಇಟ್ಟು ಓದಿ.

ಹೆಸರು. ಎಸ್ಎಸ್ಎಲ್‌ಸಿ ಅಂಕಪಟ್ಟಿಯಲ್ಲಿ 'ಮಂಜುಳ ಹೆಚ್', ಆಧಾರ್‌ನಲ್ಲಿ 'ಮಂಜುಳ ಹನುಮಂತಪ್ಪ' ಅಂತ ಇರುವುದು ನಮ್ಮಲ್ಲಿ ಸಾಮಾನ್ಯ. ಅರ್ಜಿ ಕರೆಯುವ ಮೊದಲೇ ಎರಡನ್ನೂ ಒಂದೇ ಮಾಡಿಸಿಕೊಳ್ಳಿ, ಆಧಾರ್ ತಿದ್ದುವುದು ಅಂಕಪಟ್ಟಿ ತಿದ್ದುವುದಕ್ಕಿಂತ ಸುಲಭ.

ಜಾತಿ ಪ್ರಮಾಣಪತ್ರ. ನಮ್ಮ ರಾಜ್ಯದ ಪ್ರವರ್ಗ-1, 2ಎ, 2ಬಿ, 3ಎ, 3ಬಿ ಪ್ರಮಾಣಪತ್ರ ಐಐಎಂಸಿಯಂಥ ಕೇಂದ್ರದ ಸಂಸ್ಥೆಗಳಲ್ಲಿ ನಡೆಯುವುದಿಲ್ಲ. ಅಲ್ಲಿ ಬೇಕಿರುವುದು ಕೇಂದ್ರದ ನಮೂನೆಯ ಒಬಿಸಿ, ಕೆನೆಪದರ ಅಲ್ಲದವರು ಅನ್ನುವ ಪ್ರಮಾಣಪತ್ರ. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿ ಇಲ್ಲ, ನಿಮ್ಮದು ಇದೆಯಾ ಅಂತ ಮೊದಲು ನೋಡಿಕೊಳ್ಳಿ. ಇದ್ದರೆ ನಾಡಕಚೇರಿಯಲ್ಲಿ ಅರ್ಜಿ ಹಾಕುವಾಗ "ಕೇಂದ್ರ ಸರ್ಕಾರದ ನಮೂನೆ" ಅಂತ ಬಿಡಿಸಿ ಹೇಳಿ. ಇಲ್ಲದಿದ್ದರೆ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷಕ್ಕಿಂತ ಕಡಿಮೆ ಇದ್ದು ಜಮೀನು 5 ಎಕರೆಯೊಳಗಿದ್ದರೆ, ಇಡಬ್ಲ್ಯುಎಸ್, ಅಂದರೆ ಆರ್ಥಿಕವಾಗಿ ದುರ್ಬಲರು ಅನ್ನುವ ಪ್ರಮಾಣಪತ್ರ ಸಿಗುತ್ತದಾ ಅಂತ ವಿಚಾರಿಸಿ. ಒಬಿಸಿ, ಇಡಬ್ಲ್ಯುಎಸ್ ಎರಡಕ್ಕೂ ಆ ಆರ್ಥಿಕ ವರ್ಷದ ಪ್ರಮಾಣಪತ್ರ ಕೇಳುವುದುಂಟು, ಹಾಗಾಗಿ ಏಪ್ರಿಲ್ 1 ಆದ ಮೇಲೆ ಹೊಸದು ಮಾಡಿಸಲು ತಯಾರಿರಿ.

ಫಲಿತಾಂಶ. ನಮ್ಮ ವಿಶ್ವವಿದ್ಯಾಲಯಗಳ ಆರನೇ ಸೆಮಿಸ್ಟರ್ ಫಲಿತಾಂಶ ತಡವಾಗುತ್ತದೆ, ಅಲ್ಲಿ ತರಗತಿ ಮೊದಲೇ ಶುರುವಾಗಿರುತ್ತದೆ. ಸಾಮಾನ್ಯವಾಗಿ ತಾತ್ಕಾಲಿಕ ಪ್ರವೇಶ ಕೊಟ್ಟು ಒಂದು ಗಡುವು ಹಾಕುತ್ತಾರೆ. ನಿಮ್ಮ ಪ್ರಾಂಶುಪಾಲರಿಂದ "ಅಂತಿಮ ಪರೀಕ್ಷೆ ಬರೆದಿದ್ದಾರೆ, ಫಲಿತಾಂಶ ಬಾಕಿ ಇದೆ" ಅನ್ನುವ ಪತ್ರ ತಗೊಂಡಿರಿ. ಗಡುವು ಹತ್ತಿರ ಬಂದರೆ ವಿಶ್ವವಿದ್ಯಾಲಯದ ಕುಲಸಚಿವರು (ಮೌಲ್ಯಮಾಪನ) ಅವರ ಕಚೇರಿಗೆ ಪ್ರವೇಶ ಪತ್ರದ ಪ್ರತಿ ಲಗತ್ತಿಸಿ ಮನವಿ ಕೊಡಿ.

ಇನ್ನೊಂದು ವಿಷಯ: ಸಿಯುಇಟಿ ಬರೆದರೆ ಮಾತ್ರ ಸಾಲದು. ಅಂಕ ಬಂದ ಮೇಲೆ ಐಐಎಂಸಿಗೆ ಬೇರೆ, ಕಡಗಂಚಿಗೆ ಬೇರೆ, ಹೀಗೆ ಒಂದೊಂದರ ವೆಬ್‌ಸೈಟಿನಲ್ಲೂ ಪ್ರತ್ಯೇಕ ನೋಂದಣಿ ಮಾಡಬೇಕು.

ಪರೀಕ್ಷೆಯ ದಿನ

2025ರ ಮಾದರಿಯಲ್ಲಿ 75 ಪ್ರಶ್ನೆ, 90 ನಿಮಿಷ, ಕಂಪ್ಯೂಟರ್ ಮುಂದೆ. ಸರಿಯಾದರೆ 4 ಅಂಕ, ತಪ್ಪಾದರೆ 1 ಕಳೆಯುತ್ತಾರೆ. ಒಂದು ಪ್ರಶ್ನೆಗೆ 72 ಸೆಕೆಂಡ್. ತಪ್ಪಿಗೆ ಅಂಕ ಕಳೆಯುತ್ತಾರೆ ಅಂತ ಹೆದರಿ ಜಾಸ್ತಿ ಬಿಡಬೇಡಿ. ನಾಲ್ಕರಲ್ಲಿ ಎರಡು ಆಯ್ಕೆ ಖಂಡಿತ ಅಲ್ಲ ಅಂತ ಗೊತ್ತಾದರೆ ಉಳಿದೆರಡರಲ್ಲಿ ಒಂದನ್ನು ಗುರುತು ಮಾಡಿ. ಇಂಥ ಹತ್ತು ಪ್ರಶ್ನೆಯಲ್ಲಿ ಐದು ಸರಿಯಾದರೂ 20 ಬಂದು 5 ಹೋಗುತ್ತದೆ, 15 ಉಳಿಯುತ್ತದೆ. ಮೊದಲ ಸುತ್ತಿನಲ್ಲಿ ಗೊತ್ತಿರುವುದನ್ನು ಮುಗಿಸಿ, ಎರಡನೇ ಸುತ್ತಿನಲ್ಲಿ ಇವಕ್ಕೆ ಬನ್ನಿ. ಕಂಪ್ಯೂಟರ್‌ನಲ್ಲಿ ಪರೀಕ್ಷೆ ಬರೆದು ಅಭ್ಯಾಸ ಇಲ್ಲದವರು ಎನ್‌ಟಿಎ ಅಣಕು ಪರೀಕ್ಷೆಯನ್ನು ಕಾಲೇಜಿನ ಲ್ಯಾಬಿನಲ್ಲಿ ಕೂತು ನಾಲ್ಕೈದು ಸಲ ಮಾಡಿ.

ಜಾಮಿಯಾ, ಎಸಿಜೆ ತರಹದ ಬರವಣಿಗೆ ಪರೀಕ್ಷೆಗೆ ಅಭ್ಯಾಸ ಬೇರೆ. ಚೆಲ್ಲಾಪಿಲ್ಲಿ ಇರುವ ಹತ್ತು ಸಂಗತಿ ಇಟ್ಟುಕೊಂಡು ಅರ್ಧ ಗಂಟೆಯಲ್ಲಿ 250 ಪದಗಳ ಸುದ್ದಿ ಬರೆದು ನೋಡಿ, ಮುಖ್ಯವಾದದ್ದು ಮೊದಲ ಎರಡು ಸಾಲಿನಲ್ಲೇ ಬರಬೇಕು.

ಇಂಟರ್‌ವ್ಯೂ

"ಇವತ್ತಿನ ಪತ್ರಿಕೆಯ ಮುಖ್ಯ ಸುದ್ದಿ ಯಾವುದು? ಅದು ಮುಖ್ಯ ಸುದ್ದಿ ಆಗಬೇಕಿತ್ತಾ?" ಇಂಥ ಪ್ರಶ್ನೆಗೆ ತಯಾರಿರಿ. ಬೆಳಿಗ್ಗೆ ಎದ್ದು ಕನಿಷ್ಠ ಎರಡು ಪತ್ರಿಕೆ ಓದದೆ ಒಳಗೆ ಹೋಗಬೇಡಿ. ನಿಮ್ಮ ಜಿಲ್ಲೆಯ ಬಗ್ಗೆ ಖಂಡಿತ ಕೇಳುತ್ತಾರೆ. ಮಳೆ ಎಷ್ಟು, ಬೆಳೆ ಏನು, ಜನ ಎಲ್ಲಿಗೆ ಗುಳೆ ಹೋಗುತ್ತಾರೆ ಅಂತ ಹೇಳಲು ಬರಬೇಕು. ನಿಮ್ಮ ವರದಿಯ ಬಗ್ಗೆ ಕೇಳಿದಾಗ, "ಪಿಡಿಒ ಹೇಳಿದ್ದು ನಿಜ ಅಂತ ಹೇಗೆ ಗೊತ್ತಾಯ್ತು?" ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಆಗ ಮಾಹಿತಿ ಹಕ್ಕಿನ ಉತ್ತರ, ನೀರಿನ ವರದಿ, ತಿದ್ದಿದ ಆ ಹಾಳೆ ಫೈಲಿನಿಂದ ತೆಗೆದು ಮುಂದಿಡಿ. ಇಡೀ ಇಂಟರ್‌ವ್ಯೂ ನೀವು ಗೊತ್ತಿರುವ ದಾರಿಗೆ ತಿರುಗುತ್ತದೆ.

ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲ, ಆದರೆ ಇಂಥವರನ್ನು ಕೇಳಿ ತಿಳಿದುಕೊಳ್ಳುತ್ತೇನೆ" ಅನ್ನಿ. ಇಂಗ್ಲಿಷ್ ಮಧ್ಯದಲ್ಲಿ ತಡವರಿಸಿದರೆ ನಿಲ್ಲಿಸಿ, ಉಸಿರು ತಗೊಂಡು ಚಿಕ್ಕ ವಾಕ್ಯದಲ್ಲಿ ಮತ್ತೆ ಹೇಳಿ. ರಾಜಕೀಯದ ಪ್ರಶ್ನೆ ಬಂದರೆ ಪಕ್ಷದ ವಕ್ತಾರರ ಹಾಗೆ ಮಾತಾಡಬೇಡಿ, ಹಾಗಂತ ಅಭಿಪ್ರಾಯವೇ ಇಲ್ಲದವರ ಹಾಗೂ ಕೂರಬೇಡಿ. ನಿಮಗೆ ಹಾಗೆ ಅನ್ನಿಸಲು ಕಾರಣ ಏನು ಅಂತ ಸಂಗತಿ ಸಮೇತ ಹೇಳಿ.

ದುಡ್ಡು, ಮತ್ತು ಪಟ್ಟಿ ಬಂದ ಮೇಲೆ

ಮನೆಯಲ್ಲಿ ದುಡ್ಡಿನ ಮಾತನ್ನು ಫಲಿತಾಂಶ ಬರುವವರೆಗೆ ಮುಂದೆ ಹಾಕಬೇಡಿ. ಡಿಸೆಂಬರ್‌ನಲ್ಲೇ ಫೀಸು, ಹಾಸ್ಟೆಲ್, ಊಟ, ರೈಲಿನ ಖರ್ಚು ಎಲ್ಲ ಒಂದು ಹಾಳೆಯಲ್ಲಿ ಬರೆದು ಅಪ್ಪ ಅಮ್ಮನ ಮುಂದಿಡಿ. ನಮ್ಮ ಸರ್ಕಾರಿ ವಿಶ್ವವಿದ್ಯಾಲಯಗಳ ಫೀಸು ಕಡಿಮೆ, ಎಸಿಜೆಯಂಥ ಖಾಸಗಿ ಕಡೆ ಜಾಸ್ತಿ. ಆದರೆ ಎಸಿಜೆಯಲ್ಲಿ ಬಡ ಮತ್ತು ದಲಿತ, ಆದಿವಾಸಿ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಇದೆ, ಅರ್ಜಿಯ ಜೊತೆಗೇ ಅದನ್ನೂ ಕೇಳಿ. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್ ಮತ್ತು ನಮ್ಮ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್ ಎರಡನ್ನೂ ನೋಡಿ. ಬ್ಯಾಂಕಿನಲ್ಲಿ 7.5 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಕೇಂದ್ರದ ಖಾತರಿ ಯೋಜನೆ ಇದೆ. "ಜಮೀನು ಅಡ ಇಡಿ" ಅಂದರೆ ಆ ಯೋಜನೆಯ ಬಗ್ಗೆ ಮ್ಯಾನೇಜರ್‌ರನ್ನು ಕೇಳಿ.

ಮೊದಲ ಪಟ್ಟಿಯಲ್ಲಿ ಹೆಸರು ಬರದಿದ್ದರೆ ಅಲ್ಲಿಗೆ ಮುಗಿಯಲಿಲ್ಲ. ಹಲವು ಕಡೆ ಹೆಸರಿದ್ದವರು ಒಂದನ್ನು ಆರಿಸಿಕೊಂಡು ಉಳಿದದ್ದನ್ನು ಬಿಡುತ್ತಾರೆ. ಎರಡನೇ, ಮೂರನೇ ಪಟ್ಟಿ ಬರುತ್ತದೆ, ಕೆಲವೊಮ್ಮೆ ಖಾಲಿ ಸೀಟಿಗೆ ಕೊನೆಯ ಗಳಿಗೆಯಲ್ಲಿ ಕರೆಯುತ್ತಾರೆ. ಆ ದಿನಗಳಲ್ಲಿ ಫೀಸು ಕಟ್ಟಲು ಸಿಗುವ ಸಮಯ ತುಂಬ ಕಡಿಮೆ. ದಿನಕ್ಕೆರಡು ಸಲ ಇಮೇಲ್ ನೋಡಿ, ಸ್ಪ್ಯಾಮ್ ಫೋಲ್ಡರ್ ಸಮೇತ. ಅರ್ಜಿಯಲ್ಲಿ ಕೊಟ್ಟ ನಂಬರಿನ ಸಿಮ್‌ಗೆ ರೀಚಾರ್ಜ್ ಮಾಡಿಸಿಟ್ಟಿರಿ, ಸೈಬರ್ ಸೆಂಟರಿನವರ ಇಮೇಲ್ ಅಥವಾ ನಂಬರ್ ಕೊಟ್ಟಿದ್ದರೆ ಈಗಲೇ ಬದಲಾಯಿಸಿಕೊಳ್ಳಿ. ಮಾನಸಗಂಗೋತ್ರಿಯಲ್ಲೋ ಕೊಣಾಜೆಯಲ್ಲೋ ಸೀಟು ಸಿಕ್ಕಿದ್ದರೆ ಅದನ್ನು ತಗೊಂಡು, ದೆಹಲಿಯ ಮುಂದಿನ ಪಟ್ಟಿಗೆ ಕಾಯಿರಿ. ಫೀಸು ಕಟ್ಟುವ ಮೊದಲು, ಬಿಟ್ಟು ಹೋದರೆ ಎಷ್ಟು ವಾಪಸ್ ಬರುತ್ತದೆ, ಯಾವ ತಾರೀಖಿನೊಳಗೆ ಬಿಡಬೇಕು, ಮೂಲ ಅಂಕಪಟ್ಟಿ ಅವರ ಹತ್ತಿರ ಇಟ್ಟುಕೊಳ್ಳುತ್ತಾರಾ ಅಂತ ಕಚೇರಿಯಲ್ಲಿ ಕೇಳಿ ಬರೆದುಕೊಂಡು ಬನ್ನಿ.